ಮಳೆಗಾಲದ ಬೆಳಿಗ್ಗೆ ಚಿತ್ರ ಕೊಡದ ಗ್ರಾಫಿಕ್ಸ್ ಕಾರ್ಡ್: ದುರಸ್ತಿಯ ದಾಖಲೆ

ಕಾರ್ಡ್ ಎನ್ವಿಡಿಯಾದ ಜಿಫೋರ್ಸ್ ಜಿಟಿಎಕ್ಸ್ 1060, ಮೆಮೊರಿ 6 ಜಿಬಿ. 2016ರಲ್ಲಿ ಬಂದ ಈ ಮಾದರಿ ಹಳೆಯದೇ ಆದರೂ ಮದುವೆ ವಿಡಿಯೊಗಳ ಎಡಿಟಿಂಗಿಗೆ ಇಂದಿಗೂ ಸಾಲುತ್ತದೆ. ತಿನ್ನುವ ವಿದ್ಯುತ್ತು ಗರಿಷ್ಠ 120 ವ್ಯಾಟ್, ಅದಕ್ಕೆ ಆರು ಪಿನ್ನಿನ ಒಂದೇ ಕೇಬಲ್ ಸಾಕು. ನನ್ನ ಬಳಿ ಇರುವುದು ಎರಡು ಫ್ಯಾನುಗಳ, ಹಿಂಬದಿಗೆ ಲೋಹದ ಹೊದಿಕೆ ಇಲ್ಲದ ಅಗ್ಗದ ಆವೃತ್ತಿ. ಈ ಹೊದಿಕೆ ಇಲ್ಲದಿರುವ ಸಂಗತಿಗೆ ಮುಂದೆ ಮಹತ್ವ ಬರುತ್ತದೆ.

ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಚಿತ್ರೀಕರಿಸಿದ ಮದುವೆಗಳನ್ನು ಮಳೆ ಹಿಡಿದ ಮೇಲೆ ಕೂತು ಎಡಿಟ್ ಮಾಡಿ ಕೊಡುವುದು ವಾಡಿಕೆಯಾದ್ದರಿಂದ, ಜೂನ್ ಕೊನೆಯಲ್ಲಿ ಕಾರ್ಡ್ ಕೈಕೊಟ್ಟದ್ದು ಸರಿಯಾಗಿ ಕೆಲಸದ ನಡುವೆಯೇ.

1. ಲಕ್ಷಣಗಳು

ಬೆಳಿಗ್ಗೆ ಸ್ವಿಚ್ ಹಾಕಿದರೆ ಫ್ಯಾನುಗಳು ತಿರುಗುತ್ತವೆ, ಮದರ್‌ಬೋರ್ಡ್ ಒಂದು ಉದ್ದ ಮತ್ತು ಎರಡು ಗಿಡ್ಡ ಬೀಪ್ ಕೊಡುತ್ತದೆ, ಮಾನಿಟರಿನಲ್ಲಿ ಚಿತ್ರವಿಲ್ಲ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸನ್ನು ಬಳಸಲು ಕೇಬಲನ್ನು ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಹಾಕಿದರೆ ವಿಂಡೋಸ್ ಎಂದಿನಂತೆ ಬರುತ್ತದೆ, ಆದರೆ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರಿನ ಪಕ್ಕ ಹಳದಿ ತ್ರಿಕೋನವೂ ‘ಕೋಡ್ 43’ (ಸಾಧನದಲ್ಲಿ ತೊಂದರೆ ಕಂಡು ವಿಂಡೋಸ್ ಅದನ್ನು ನಿಲ್ಲಿಸಿದೆ) ಎಂಬ ಬರಹವೂ ಇರುತ್ತವೆ. ಹಾಗೆಯೇ ಚಾಲೂ ಬಿಟ್ಟು ಒಂದು ಗಂಟೆಯ ನಂತರ ರೀಸ್ಟಾರ್ಟ್ ಮಾಡಿದರೆ ಕಾರ್ಡಿನಿಂದಲೇ ಚಿತ್ರ ಬರುತ್ತದೆ. ಮೊದಲಿಗೆ ನೇರಳೆ ಮತ್ತು ಹಸಿರು ಚುಕ್ಕಿಗಳು ಸಾಲುಸಾಲಾಗಿ ಕಾಣುತ್ತವೆ, ಮಧ್ಯಾಹ್ನದ ಹೊತ್ತಿಗೆ ಅವೂ ಮಾಯವಾಗುತ್ತವೆ. ಮಳೆ ಹೊಳವಾದ ದಿನ ತೊಂದರೆ ಕಡಿಮೆ, ಜಡಿಮಳೆಯ ದಿನ ಹೆಚ್ಚು. ಇದನ್ನು ಮೊದಲ ದಿನವೇ ಬರೆದಿಟ್ಟುಕೊಂಡಿದ್ದೆನಾದರೂ ಅದರ ಅರ್ಥ ಆಮೇಲೆ ಹೊಳೆಯಿತು.

2. ಹೊರಗಿನ ವಸ್ತುಗಳು

ಕೇಬಲ್, ಮಾನಿಟರ್, ಕಾರ್ಡಿನ ಬೇರೆ ಬೇರೆ ಕಿಂಡಿಗಳು ಇವನ್ನೆಲ್ಲ ಅದಲುಬದಲು ಮಾಡಿದ್ದಾಯಿತು, ಫಲವಿಲ್ಲ. ಡ್ರೈವರನ್ನು ಸೇಫ್ ಮೋಡಿನಲ್ಲಿ ಡಿಡಿಯು ತಂತ್ರಾಂಶದಿಂದ ಬೇರುಸಮೇತ ತೆಗೆದು ಮತ್ತೆ ಹಾಕಿದರೂ ಕೋಡ್ 43 ಹೋಗಲಿಲ್ಲ. ಈ ಕೆಲಸದ ಅಗತ್ಯವೇ ಇರಲಿಲ್ಲವೆನ್ನಬಹುದು: ವಿಂಡೋಸ್ ಬರುವ ಮೊದಲೇ, ಮದರ್‌ಬೋರ್ಡ್ ಕಂಪನಿಯ ಲಾಂಛನದ ಮೇಲೆಯೇ ಚುಕ್ಕಿಗಳು ಕಾಣುತ್ತಿದ್ದರೆ ಡ್ರೈವರಿನ ಮೇಲೆ ಹೊತ್ತು ಕಳೆಯಬೇಕಾಗಿಲ್ಲ, ಏಕೆಂದರೆ ಆ ಘಟ್ಟದಲ್ಲಿ ಡ್ರೈವರ್ ಇನ್ನೂ ಲೋಡ್ ಆಗಿರುವುದಿಲ್ಲ.

3. ವಿದ್ಯುತ್

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು, ಬಂದ ಕರೆಂಟು ಜಿಗಿಯುವುದು ನಮ್ಮಲ್ಲಿ ನಿತ್ಯದ ಮಾತಾದ್ದರಿಂದ ಅನುಮಾನ ಮೊದಲು ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೆ ಹೋಯಿತು. ಆರು ಪಿನ್ನಿನ ಕೇಬಲಿನ ಹಳದಿ ತಂತಿಗೂ ಕಪ್ಪು ತಂತಿಗೂ ನಡುವೆ ಮಲ್ಟಿಮೀಟರ್ ಹಿಡಿದಾಗ, ಕೆಲಸವಿಲ್ಲದಿರುವಾಗ 12.08 ವೋಲ್ಟ್, ಮಧ್ಯಾಹ್ನ ಕಾರ್ಡ್ ಸರಿಯಾಗಿ ಓಡುತ್ತಿರುವಾಗ ಅದಕ್ಕೆ ಪೂರ್ತಿ ಹೊರೆ ಕೊಡುವ ತಂತ್ರಾಂಶ ಫರ್‌ಮಾರ್ಕ್ ಹಚ್ಚಿದರೆ 11.87 ವೋಲ್ಟ್ ಬಂತು. ಶೇಕಡಾ 5ರಷ್ಟು ಏರಿಳಿತಕ್ಕೆ ಅವಕಾಶವಿರುವುದರಿಂದ 11.4ರಿಂದ 12.6ರ ನಡುವೆ ಇದ್ದರೆ ಸಾಕು. ಎಸ್‌ಎಂಪಿಎಸ್ ಅನ್ನು ಪಟ್ಟಿಯಿಂದ ಹೊಡೆದುಹಾಕಿದೆ.

4. ಸ್ಲಾಟ್

ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಬೇಕೆಂದು ಎಲ್ಲರೂ ಹೇಳುತ್ತಾರೆ. ಆ ಲೇಪ ಬಹಳ ತೆಳು. ರಬ್ಬರ್ ಅದನ್ನು ಸವೆಸುತ್ತದೆ, ಪುಡಿ ಸ್ಲಾಟಿನೊಳಗೆ ಸೇರುತ್ತದೆ. ನೂಲು ಬಿಡದ ಬಟ್ಟೆಯ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಂಡು ಒರೆಸಿದರೆ ಸಾಲದೆಂಬ ಸಂದರ್ಭ ನನಗಿನ್ನೂ ಬಂದಿಲ್ಲ. ಒರೆಸಿದ ಮೇಲೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಜೆಡ್ ತಂತ್ರಾಂಶ ತೆರೆದು ನೋಡಿದರೆ ಕೆಲಸದ ಹೊತ್ತಿನಲ್ಲಿ ಸ್ಲಾಟಿನ 16 ಲೇನುಗಳೂ (ಮಾಹಿತಿ ಹರಿಯುವ ದಾರಿಗಳು) ಪಿಸಿಐ ಎಕ್ಸ್‌ಪ್ರೆಸ್ 3.0 ವೇಗದಲ್ಲಿ ಸಿಗುತ್ತಿದ್ದವು. ಸುಮ್ಮನಿರುವಾಗ ಅದು 1.1 ಎಂದು ತೋರಿಸುವುದು ದೋಷವಲ್ಲ, ವಿದ್ಯುತ್ ಉಳಿಸುವ ಕ್ರಮ. ಕೆಲಸದ ಹೊತ್ತಿನಲ್ಲೂ 8 ಅಥವಾ 4 ಲೇನುಗಳಷ್ಟೇ ಕಂಡರೆ ಅಂಚಿನ ಮೇಲ್ಭಾಗದಲ್ಲಿ ಸಾಲಾಗಿ ಕೂತಿರುವ ಸಣ್ಣ ಕೆಪಾಸಿಟರುಗಳಲ್ಲಿ ಒಂದು ಕಿತ್ತುಹೋಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು.

5. ಕುಶಾಲನಗರದಲ್ಲಿ ಸರಿಯಾದ ಕಾರ್ಡ್

ಕಾರ್ಡಿನದೋ ಕಂಪ್ಯೂಟರಿನದೋ ಎಂದು ತೀರ್ಮಾನಿಸಲು ಬೇರೆ ಕಂಪ್ಯೂಟರಿಗೆ ಹಾಕಿ ನೋಡುವುದೇ ನೇರವಾದ ದಾರಿ. ಕುಶಾಲನಗರದ ಗೆಳೆಯನೊಬ್ಬನಲ್ಲಿ ಸರಿಯಾಗಿ ಓಡುವ ಕಂಪ್ಯೂಟರ್ ಡಬ್ಬ (ಕ್ಯಾಬಿನೆಟ್) ಇತ್ತು. ಅಲ್ಲಿ ಕಾರ್ಡ್ ಮೊದಲ ಸ್ವಿಚ್ಚಿಗೇ ಚಿತ್ರ ಕೊಟ್ಟಿತು. ರಾತ್ರಿ ಅಲ್ಲೇ ಬಿಟ್ಟು ಮರುದಿನ ಬೆಳಿಗ್ಗೆ ಹಾಕಿದರೂ ಕೊಟ್ಟಿತು. “ಕಾರ್ಡಿಗೆ ಏನೂ ಆಗಿಲ್ಲ ಮಾರಾಯ, ನಿನ್ನ ಮದರ್‌ಬೋರ್ಡ್ ಹೋಗಿದೆ” ಎಂದು ಅವನು ತೀರ್ಪು ಕೊಟ್ಟ. ನಾನೂ ಒಪ್ಪಿಕೊಂಡು, ಅವನ ಕಪಾಟಿನಲ್ಲಿದ್ದ ಜಿಟಿ 710 ಎಂಬ ಬಡ ಕಾರ್ಡನ್ನು ತಂದು ನನ್ನ ಸ್ಲಾಟಿಗೆ ಹಾಕಿದರೆ, ಅದು ನಮ್ಮ ಮನೆಯ ಜಡಿಮಳೆಯ ಬೆಳಿಗ್ಗೆಯೂ ಯಾವ ತಕರಾರೂ ಇಲ್ಲದೆ ಚಿತ್ರ ತೋರಿಸಿತು. ನನ್ನ 1060 ಮಾತ್ರ ಮನೆಗೆ ಮರಳಿದ ಮಾರನೆಯ ದಿನವೇ ಮತ್ತೆ ಕತ್ತಲು.

ಎರಡೂ ಸರಿ, ಜೋಡಿಸಿದರೆ ಸರಿಯಿಲ್ಲ ಎಂಬಂಥ ಫಲಿತಾಂಶ ಬಂದಾಗ ಬದಲಾಗಿರುವ ಮೂರನೆಯ ಸಂಗತಿ ಯಾವುದೆಂದು ಕೇಳಬೇಕು. ಇಲ್ಲಿ ಬದಲಾಗಿದ್ದದ್ದು ಊರು. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್ ಇಳಿದರೆ ಮಳೆ ಎಷ್ಟು ಕಡಿಮೆಯಾಗುತ್ತದೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ನನ್ನ ಎಡಿಟಿಂಗ್ ಕೋಣೆಯಲ್ಲಿ 350 ರೂಪಾಯಿಯ ಆರ್ದ್ರತೆ ಮಾಪಕವನ್ನು ತಂದಿಟ್ಟು ನೋಡಿದಾಗ ಬೆಳಿಗ್ಗೆ ಆರು ಗಂಟೆಗೆ ಶೇಕಡಾ 93, ತಾಪಮಾನ 20 ಡಿಗ್ರಿ.

6. ಬಿಸಿಯ ಚಿಕಿತ್ಸೆ ಮತ್ತು ಡಬ್ಬಿಯ ಪರೀಕ್ಷೆ

ಇದರ ನಡುವೆ ಒಂದು ರಿಪೇರಿ ಅಂಗಡಿಗೂ ತೋರಿಸಿದ್ದೆ. ಮುಖ್ಯ ಚಿಪ್ಪಿನ ಅಡಿಯ ಬೆಸುಗೆ ಬಿರಿದಿದೆ, ಬೆಂಗಳೂರಿಗೆ ಕಳಿಸಿ ರೀಬಾಲಿಂಗ್ (ಚಿಪ್ಪನ್ನು ಕಿತ್ತು ಅಡಿಯ ಬೆಸುಗೆಯ ಗುಂಡುಗಳನ್ನು ಹೊಸದಾಗಿ ಹಾಕುವುದು) ಮಾಡಿಸಬೇಕು, 4,500 ರೂಪಾಯಿ, ಗ್ಯಾರಂಟಿ ಇಲ್ಲ ಎಂಬ ಉತ್ತರ ಬಂತು. ಬಿಸಿಯಾದ ಮೇಲೆ ಸರಿಹೋಗುವ ಕಾರ್ಡನ್ನು ಕಂಡವರು ಹೀಗೆ ಹೇಳುವುದು ಸಹಜವೇ. ಅಂತರ್ಜಾಲದ ವಿಡಿಯೊಗಳನ್ನು ನೋಡಿದವರು ಓವನ್ನಿನಲ್ಲಿ ಇಟ್ಟು ತೆಗೆಯಲೂ ಹೇಳಿದರು. ಓವನ್ನಿನಲ್ಲಿ ಬೇಯಿಸಿದ ಕಾರ್ಡ್ ಕೆಲವು ವಾರ ಓಡಿದರೂ ಅದು ದುರಸ್ತಿಯಲ್ಲ: ಪ್ಲಾಸ್ಟಿಕ್ ಭಾಗಗಳು ಮತ್ತು ಕೆಪಾಸಿಟರುಗಳು ಕೆಡುತ್ತವೆ, ಬಿಸಿಯಾದ ಪ್ಲಾಸ್ಟಿಕ್ಕಿನಿಂದಲೋ ರಾಸಾಯನಿಕದಿಂದಲೋ ಏಳುವ ಹೊಗೆ ತಿಂಡಿ ಬೇಯಿಸುವ ಓವನ್ನಿಗೆ ಸೇರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಿಜವಾದ ದೋಷ ಎಲ್ಲಿತ್ತೆಂಬ ಗುರುತೇ ಅಳಿಸಿಹೋಗುತ್ತದೆ.

ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಕಾರ್ಡಿನ ಬೆನ್ನಿಗೆ ಕೆಲವು ನಿಮಿಷ ಗಾಳಿ ಹಿಡಿದೆ. ಬೆಳಿಗ್ಗೆಯೇ ಚಿತ್ರ ಬಂತು. ಅಂಗಡಿಯವರ ಮಾತಿಗೆ ಇದು ಸಾಕ್ಷಿಯಂತೆ ಕಂಡರೂ, ಬಿಸಿಗಾಳಿ ಬೆಸುಗೆಯನ್ನು ಹಿಗ್ಗಿಸುವುದರ ಜೊತೆಗೆ ತೇವವನ್ನೂ ಒಣಗಿಸುತ್ತದೆ. ಎರಡರಲ್ಲಿ ಯಾವುದು ಫಲ ಕೊಟ್ಟಿತೆಂದು ಇದರಿಂದ ತಿಳಿಯುವುದಿಲ್ಲ. ಬೇರ್ಪಡಿಸಬೇಕಾದರೆ ಕಾರ್ಡ್ ತಣ್ಣಗೂ ಇರಬೇಕು, ಒಣಗಿಯೂ ಇರಬೇಕು.

ಆದ್ದರಿಂದ ಗಾಳಿಯಾಡದ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್ ಹರಡಿ, ಅದರ ಮೇಲೆ ಬಟ್ಟೆ ಹಾಸಿ, ಕಾರ್ಡನ್ನು ರಾತ್ರಿಯಿಡೀ ಮುಚ್ಚಿಟ್ಟೆ. ಬೆಳಿಗ್ಗೆ ತೆಗೆದಾಗ ಕಾರ್ಡ್ ಕೋಣೆಯಷ್ಟೇ ತಣ್ಣಗಿತ್ತು. ತಕ್ಷಣ ಸ್ಲಾಟಿಗೆ ಹಾಕಿ ಸ್ವಿಚ್ ಒತ್ತಿದರೆ, ಬೀಪ್ ಇಲ್ಲ, ಚುಕ್ಕಿ ಇಲ್ಲ, ಶುದ್ಧವಾದ ಚಿತ್ರ. ಅದೇ ಕಾರ್ಡನ್ನು ಹೊರತೆಗೆದು ಕಿಟಕಿಯ ಬಳಿ ಮೇಜಿನ ಮೇಲೆ ಒಂದು ರಾತ್ರಿ ಬಿಟ್ಟು ಮತ್ತೆ ಹಾಕಿದರೆ ಹಳೆಯ ಕತ್ತಲು. ಬೆಸುಗೆ ಬಿರಿದಿದ್ದರೆ ಡಬ್ಬಿಯಿಂದ ಬಂದ ತಣ್ಣನೆಯ ಕಾರ್ಡ್ ಏಳಬಾರದಿತ್ತು. ರೀಬಾಲಿಂಗಿನ 4,500 ರೂಪಾಯಿ ಉಳಿದದ್ದು ಈ ಪರೀಕ್ಷೆಯಿಂದ. ಬಿಸಿಯಾದರೆ ಸರಿಹೋಗುವ ಯಾವ ಕಾರ್ಡನ್ನಾದರೂ, ಅದರಲ್ಲೂ ಮಲೆನಾಡಿನಲ್ಲಿ, ಯಾರಿಗಾದರೂ ಒಪ್ಪಿಸುವ ಮೊದಲು ಒಂದು ರಾತ್ರಿ ಡಬ್ಬಿಯಲ್ಲಿಡುವುದು ಒಳ್ಳೆಯದು.

7. ಕಲೆ

ತೇವವೊಂದೇ ಕಾರಣವಾಗಿದ್ದರೆ ಜಿಟಿ 710 ಕೂಡ ಮಲಗಬೇಕಿತ್ತು. ತೇವ ಹಿಡಿದಿಡುವ ಏನೋ ಒಂದು ಈ ಕಾರ್ಡಿನ ಮೇಲೆಯೇ ಇರಬೇಕು. ನಿಂತಿರುವ ಡಬ್ಬದಲ್ಲಿ ಕಾರ್ಡಿನ ಫ್ಯಾನುಗಳು ಕೆಳಮುಖವಾಗಿಯೂ ಬೆನ್ನು ಮೇಲ್ಮುಖವಾಗಿಯೂ ಇರುವುದರಿಂದ ಮೇಲಿನಿಂದ ಬೀಳುವುದೆಲ್ಲ ಬೆನ್ನಿನ ಮೇಲೆಯೇ ಬೀಳುತ್ತದೆ. ಧೂಳನ್ನು ಒಣ ಬ್ರಷ್ಷಿನಿಂದ ತೆಗೆದು, ಟಾರ್ಚನ್ನು ಓರೆಯಾಗಿ ಹಿಡಿದು, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡುತ್ತ ಹೋದಾಗ, ಮೆಮೊರಿಗೆ ವಿದ್ಯುತ್ ಒದಗಿಸುವ ಭಾಗದ ಹಿಂದೆ ಕಡಲೆಬೇಳೆಯಷ್ಟಗಲದ ಒಂದು ಕಲೆ ಸಿಕ್ಕಿತು. ನಡುವೆ ಸುಣ್ಣದಂಥ ಬಿಳಿ ಗಟ್ಟಿ, ಸುತ್ತಲೂ ಒಣಗಿ ಹೊಳೆಯುವ ಹಳದಿ ಅಂಚು, ಅಂಚು ತಾಗಿದ ಎರಡು ಪುಟ್ಟ ರೆಸಿಸ್ಟರುಗಳ ಬೆಸುಗೆಯ ಮೇಲೆ ತಿಳಿಹಸಿರು ಪುಡಿ. ಹಲ್ಲಿಯ ಹಿಕ್ಕೆ. ಡಬ್ಬದ ಹಿಂಭಾಗದಲ್ಲಿ, ಎಂದೋ ತೆಗೆದ ಇನ್ನೊಂದು ಕಾರ್ಡಿನ ಜಾಗದ ತಗಡು ಮುಚ್ಚದೆ ಉಳಿದಿತ್ತು. ಬೆರಳಗಲದ ಆ ಸಂದಿಯೊಳಗೆ ಬೆಚ್ಚನೆಯ ಜಾಗ ಇದೆಯೆಂದು ಹಲ್ಲಿಗೆ ಬೇಗ ಗೊತ್ತಾಗುತ್ತದೆ.

8. ಅಳತೆ

ಒರೆಸುವ ಮೊದಲು ಅಳೆದು ಬರೆದಿಡುವುದು ಅಗತ್ಯ, ಇಲ್ಲವಾದರೆ ಒರೆಸಿದ್ದರಿಂದ ಏನಾಯಿತೆಂದು ಹೇಳಲು ಆಧಾರವಿರುವುದಿಲ್ಲ. ಕಾರ್ಡನ್ನು ಹೊರಗಿಟ್ಟು, ಚಿಪ್ಪುಗಳಿಗೆ ವಿದ್ಯುತ್ ಹಾದುಹೋಗುವ ಕಾಯಿಲುಗಳಿಂದ (ತಂತಿಯ ಸುರುಳಿಗಳು) ಗ್ರೌಂಡಿಗೆ ಪ್ರತಿರೋಧ ನೋಡಿದಾಗ ಮುಖ್ಯ ಚಿಪ್ಪಿನ ಕಾಯಿಲುಗಳು ಒಂದು ಓಮಿನ ಹತ್ತಿರ, ಮೆಮೊರಿಯ ಕಾಯಿಲ್ ಐವತ್ತರ ಆಸುಪಾಸು ತೋರಿಸಿದವು. ಮೊದಲನೆಯದನ್ನು ಕಂಡು ಶಾರ್ಟ್ ಆಗಿದೆಯೆಂದು ಗಾಬರಿಯಾಗಬಾರದು. ದೊಡ್ಡ ಚಿಪ್ಪುಗಳಲ್ಲಿ ಅಷ್ಟು ಕಡಿಮೆ ಇರುವುದೇ ಸರಿ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನೂ ಒಂದಕ್ಕೊಂದು ತಾಗಿಸಿದಾಗ ಬರುವ 0.3 ಓಮನ್ನು ಇದರಿಂದ ಕಳೆಯಲು ಮರೆಯಬಾರದು.

ಓಡುತ್ತಿರುವ ಕಾರ್ಡಿನ ಮೇಲೆ ವೋಲ್ಟೇಜ್ ಅಳೆಯುವುದು ಅಪಾಯದ ಕೆಲಸ. ಕಡ್ಡಿ ಜಾರಿ 12 ವೋಲ್ಟಿನ ಗೆರೆ (ಬೋರ್ಡಿನ ವಿದ್ಯುತ್ ದಾರಿ) ಚಿಪ್ಪಿನ ಗೆರೆಗೆ ತಾಗಿದರೆ ಅಲ್ಲಿಗೆ ಕಾರ್ಡಿನ ಕಥೆ ಮುಗಿದಂತೆ. ಕಡ್ಡಿಗಳ ತುದಿಗೆ ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿ ಒಂದು ಮಿಲಿಮೀಟರ್ ಮಾತ್ರ ತೆರೆದಿಟ್ಟುಕೊಂಡೆ. ಕಪ್ಪು ಕಡ್ಡಿಯನ್ನು ಡಬ್ಬದ ಸ್ಕ್ರೂಗೆ ಕ್ಲಿಪ್ಪಿನಿಂದ ಕಚ್ಚಿಸಿ, ಒಂದೇ ಕೈಯಲ್ಲಿ ಅಳೆದೆ. ಹೊದಿಕೆ ಇಲ್ಲದ ಕಾರ್ಡಾದ್ದರಿಂದ, ಬಿಸಿಯನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್ ಬಿಚ್ಚದೆಯೇ ಬೆನ್ನಿನ ಕೆಪಾಸಿಟರುಗಳ ಮೇಲೆ ಎಲ್ಲ ವೋಲ್ಟೇಜುಗಳೂ ಸಿಕ್ಕವು. ಕತ್ತಲಾದ ಬೆಳಿಗ್ಗೆ 12, 3.3 ಮತ್ತು 1.8 ವೋಲ್ಟಿನ ಗೆರೆಗಳು ಸರಿಯಿದ್ದವು. ಮೆಮೊರಿಯ ಗೆರೆ ಮಾತ್ರ 1.21 ವೋಲ್ಟ್. ಚುಕ್ಕಿಗಳು ಕಾಣುವ ಹೊತ್ತಿಗೆ ಅದು 1.4ರ ಆಚೀಚೆ ಬಂದಿತ್ತು, ಮಧ್ಯಾಹ್ನ 1.5ರಲ್ಲಿ ನಿಂತಿತು. ಈ ಕಾರ್ಡಿನಲ್ಲಿರುವ ಜಿಡಿಡಿಆರ್5 ಎಂಬ ಬಗೆಯ ಮೆಮೊರಿಗೆ ಇಲ್ಲಿ ಬೇಕಾದದ್ದು ಈ 1.5.

ಹಸಿರು ಪುಡಿ ಹಿಡಿದ ಎರಡು ರೆಸಿಸ್ಟರುಗಳು ಈ ವೋಲ್ಟೇಜ್ ಎಷ್ಟಿರಬೇಕೆಂದು ನಿಯಂತ್ರಕಕ್ಕೆ ತಿಳಿಸುವ ಜೋಡಿ. ಅವುಗಳಲ್ಲಿ ಮೇಲಿನದರ ಎರಡು ತುದಿಗಳ ನಡುವೆ, ಕಾರ್ಡ್ ಆರಿರುವಾಗ, ತೇವದ ಬೆಳಿಗ್ಗೆ 4.9 ಕಿಲೋ ಓಮ್ ಬಂದರೆ, ಡಬ್ಬಿಯಲ್ಲಿಟ್ಟು ತೆಗೆದ ಮೇಲೆ 6.0 ಬಂತು. ಹಿಕ್ಕೆಯ ಲವಣ ನೀರು ಹೀರಿಕೊಂಡು ರೆಸಿಸ್ಟರಿನ ಪಕ್ಕದಲ್ಲಿ ಇನ್ನೊಂದು ಕಳ್ಳದಾರಿ ಮಾಡಿಕೊಟ್ಟಿತ್ತು, ನಿಯಂತ್ರಕ ಅದನ್ನು ನಂಬಿ ವೋಲ್ಟೇಜನ್ನು ಇಳಿಸುತ್ತಿತ್ತು. ಕೆಳಗಿನ ರೆಸಿಸ್ಟರಿನ ಪಕ್ಕ ಇದೇ ದಾರಿ ಆಗಿದ್ದರೆ ವೋಲ್ಟೇಜ್ ಏರಿ ಮೆಮೊರಿ ಚಿಪ್ಪುಗಳು ಸುಟ್ಟುಹೋಗುತ್ತಿದ್ದವು.

9. ಶುಚಿ

ಮೊದಲ ಸಲ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಬಿಳಿ ಗಟ್ಟಿ ಕಿತ್ತುಬಂತು, ಜಾಗ ಹೊಳೆಯಿತು, ಮರುದಿನ ಬೆಳಿಗ್ಗೆ ಚಿತ್ರವೂ ಬಂತು. ಮುಂದಿನ ಜಡಿಮಳೆಗೆ ಚುಕ್ಕಿಗಳು ಮರಳಿದವು, ಅಳೆದರೆ 5.3 ಕಿಲೋ ಓಮ್. ಆಲ್ಕೋಹಾಲ್ ಜಿಡ್ಡನ್ನೂ ಫ್ಲಕ್ಸನ್ನೂ (ಬೆಸುಗೆ ಹಾಕುವಾಗ ಬಳಸುವ ಅಂಟು) ಕರಗಿಸುತ್ತದೆ, ಉಪ್ಪನ್ನು ಬಹುಮಟ್ಟಿಗೆ ಕರಗಿಸುವುದಿಲ್ಲ. ಕಣ್ಣಿಗೆ ಶುಚಿಯಾಗಿ ಕಂಡ ಜಾಗದಲ್ಲಿ, ರೆಸಿಸ್ಟರುಗಳ ಹೊಟ್ಟೆಯಡಿ, ಲವಣ ಹಾಗೆಯೇ ಕೂತಿತ್ತು.

ಉಪ್ಪಿಗೆ ನೀರೇ ಬೇಕು. ಗ್ರಾಫಿಕ್ಸ್ ಕಾರ್ಡಿಗೆ ನೀರು ಹಾಕುವುದೆಂದರೆ ಕೇಳಿದವರು ಬೆಚ್ಚಿಬೀಳುತ್ತಾರೆ, ಆದರೆ ವಿದ್ಯುತ್ ಇಲ್ಲದ ಬೋರ್ಡಿಗೆ ಲವಣವಿಲ್ಲದ ನೀರಿನಿಂದ ಕೇಡಿಲ್ಲ, ಪೂರ್ತಿ ಒಣಗಿಸಬೇಕಷ್ಟೆ. ನಲ್ಲಿಯ ನೀರೂ ಮಳೆನೀರೂ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಲೀಟರಿಗೆ 30 ರೂಪಾಯಿ, ಸೀಲ್ ಇರುವ ಬಾಟಲಿಯನ್ನು ನೋಡಿ ತಂದೆ. ಫ್ಯಾನು ಮತ್ತು ಹೀಟ್‌ಸಿಂಕ್ ಬಿಚ್ಚಿ, ಕಾರ್ಡನ್ನು ಓರೆಯಾಗಿ ಹಿಡಿದು, ಉಗುರುಬೆಚ್ಚಗೆ ಮಾಡಿದ ನೀರನ್ನು ಸಿರಿಂಜಿನಿಂದ ಕಲೆಯಿದ್ದ ಜಾಗಕ್ಕಷ್ಟೇ ಬಿಡುತ್ತ, ಬ್ರಷ್ಷಿನಿಂದ ನಾಲ್ಕೂ ದಿಕ್ಕಿನಿಂದ ತಿಕ್ಕುತ್ತ, ಹರಿದ ನೀರು ಮುಖ್ಯ ಚಿಪ್ಪಿನ ಕಡೆಗೆ ಹೋಗದೆ ಅಂಚಿನಿಂದ ಕೆಳಗಿಳಿಯುವಂತೆ ನೋಡಿಕೊಂಡೆ. ಕೊನೆಗೆ ಅದೇ ಜಾಗಕ್ಕೆ ಧಾರಾಳವಾಗಿ ಆಲ್ಕೋಹಾಲ್ ಬಿಟ್ಟೆ. ಅದು ನೀರಿನೊಡನೆ ಬೆರೆತು ಸಂದಿಗಳಿಂದ ಹೊರಗೆ ಎಳೆದುಕೊಂಡು ಹೋಗುತ್ತದೆ.

ಒಣಗಿಸುವುದು ಆತುರದ ಕೆಲಸವಲ್ಲ. ಕಣದಲ್ಲಿ ಮೇಲೆ ಗರಿಗರಿಯಾಗಿ ಕಂಡ ಕಾಫಿಯನ್ನು ಹಲ್ಲಿನಲ್ಲಿ ಕಚ್ಚಿದರೆ ಒಳಗೆ ಇನ್ನೂ ಹಸಿಯಿರುವ ಹಾಗೆ, ಬೋರ್ಡಿನ ಮೇಲ್ಮೈ ಒಣಗಿದರೂ ಚಿಪ್ಪುಗಳ ಅಡಿಯಲ್ಲಿ ನೀರು ಉಳಿದಿರುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡಬಹುದೆಂದು ಮನೆಯಲ್ಲಿ ಸಲಹೆ ಬಂತು. ಹೊಗೆಯ ಮಸಿ ಇನ್ನೊಂದು ಕಲೆಯಾಗುತ್ತದೆಂದು ಬೇಡವೆಂದೆ. ಟೇಬಲ್ ಫ್ಯಾನಿನ ಗಾಳಿಗೆ ಒಂದು ಹಗಲು, ಆಮೇಲೆ ಸಿಲಿಕಾ ಜೆಲ್ಲಿನ ಡಬ್ಬಿಯಲ್ಲಿ ಎರಡು ರಾತ್ರಿ. ಕಿತ್ತಳೆ ಬಣ್ಣದ ಕಾಳುಗಳು ನೀರು ಹೀರಿ ಹಸಿರಾದಾಗ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದರೆ ಮತ್ತೆ ಕಿತ್ತಳೆಯಾಗುತ್ತವೆ.

ಡಬ್ಬಿಯಿಂದ ತೆಗೆದಾಗ 6.0 ಕಿಲೋ ಓಮ್. ಅದು ಲೆಕ್ಕಕ್ಕಿಲ್ಲ. ಕಿಟಕಿಯ ಬಳಿ ರಾತ್ರಿಯಿಡೀ ತೆರೆದಿಟ್ಟು, ಮಾಪಕ ಶೇಕಡಾ 94 ತೋರಿಸುತ್ತಿದ್ದ ಬೆಳಿಗ್ಗೆ ಅಳೆದಾಗಲೂ 6.0 ಬಂದದ್ದು ಲೆಕ್ಕಕ್ಕೆ ಬಂತು.

10. ಜೋಡಣೆ

ಬಿಚ್ಚಿದ್ದ ಹೀಟ್‌ಸಿಂಕಿನ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಲೇಪ) ಒಣಗಿ ಹುಡಿಯಾಗಿತ್ತು. ಹೊಸ ಪೇಸ್ಟನ್ನು ತೆಳುವಾಗಿ ಹಚ್ಚಿದೆ. ಮೆಮೊರಿಯ ಮೇಲೆ ಅದೇ ಕೆಲಸ ಮಾಡುವ ಮೆತ್ತನೆಯ ಪ್ಯಾಡುಗಳಲ್ಲಿ ಎರಡು ಹರಿದಿದ್ದವು. ಹಳೆಯದರ ಒತ್ತಿಲ್ಲದ ಅಂಚನ್ನು ವರ್ನಿಯರಿನಲ್ಲಿ ಅಳೆದು ಒಂದು ಮಿಲಿಮೀಟರ್ ದಪ್ಪದ್ದನ್ನೇ ಹಾಕಿದೆ. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಮುಖ್ಯ ಚಿಪ್ಪಿನ ಮೇಲೆ ಕೂರುವುದಿಲ್ಲ. ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿದೆ.

ತೇವದ ಬೆಳಿಗ್ಗೆ ಮೊದಲ ಸ್ವಿಚ್ಚಿಗೇ ಚಿತ್ರ ಬಂತು, ಮೆಮೊರಿಯ ಗೆರೆ 1.5 ವೋಲ್ಟಿನಲ್ಲಿತ್ತು. ಒಸಿಸಿಟಿ ಎಂಬ ತಂತ್ರಾಂಶದ ವಿಡಿಯೊ ಮೆಮೊರಿ ಪರೀಕ್ಷೆಯನ್ನು ಒಂದು ಗಂಟೆ ಓಡಿಸಿದಾಗ ದೋಷ ಸೊನ್ನೆ. ಫರ್‌ಮಾರ್ಕಿನಲ್ಲಿ ಮೊದಲು 83 ಡಿಗ್ರಿ ಮುಟ್ಟಿ ವೇಗ ಇಳಿಸಿಕೊಳ್ಳುತ್ತಿದ್ದ ಕಾರ್ಡ್ ಈಗ 71ರಲ್ಲಿ ನಿಲ್ಲುತ್ತದೆ. ಇದು ಪೇಸ್ಟಿನ ಫಲ, ಮೂಲ ದೋಷಕ್ಕೆ ಸಂಬಂಧವಿಲ್ಲ.

ಹಸಿರು ಹಿಡಿದಿದ್ದ ಎರಡು ಬೆಸುಗೆಗಳು ಮಸೂರದಲ್ಲಿ ಮಂಕಾಗಿ ಕಂಡರೂ ಗಟ್ಟಿಯಾಗಿದ್ದವು, ಮುಟ್ಟಲಿಲ್ಲ. ಸಾಸಿವೆ ಕಾಳಿಗಿಂತ ಸಣ್ಣ ಭಾಗಗಳ ಮೇಲೆ ನನ್ನ 25 ವ್ಯಾಟಿನ ಸಾಲ್ಡರಿಂಗ್ ಕಡ್ಡಿ ಹಿಡಿದರೆ ಇಲ್ಲದ ದೋಷ ಹುಟ್ಟುತ್ತದೆ. ಆ ಜಾಗಕ್ಕೆ ವಾರ್ನಿಶ್ ಬಳಿಯಲು ಕೆಲವರು ಹೇಳುತ್ತಾರೆ. ಒಳಗೆ ಲವಣದ ಕಣವೇನಾದರೂ ಉಳಿದಿದ್ದರೆ ಲೇಪದಡಿ ಸೇರಿಕೊಂಡು ಮತ್ತೆ ತೊಳೆಯಲು ಬಾರದಂತಾಗುತ್ತದೆ. ಒಂದು ಮಳೆಗಾಲ ಪೂರ್ತಿ ಕಳೆದ ಮೇಲೆ ಯೋಚಿಸುತ್ತೇನೆ.

11. ಖರ್ಚು ಮತ್ತು ಉಳಿದ ಕೆಲಸ

ಆಲ್ಕೋಹಾಲ್ 280, ಡಿಸ್ಟಿಲ್ಡ್ ವಾಟರ್ 30, ಪೇಸ್ಟ್ 420, ಪ್ಯಾಡ್ 390, ಸಿಲಿಕಾ ಜೆಲ್ 240, ಆರ್ದ್ರತೆ ಮಾಪಕ 350: ಒಟ್ಟು 1,710 ರೂಪಾಯಿ. ಮಲ್ಟಿಮೀಟರ್, ಮಸೂರ, ಸ್ಕ್ರೂಡ್ರೈವರುಗಳು ಮೊದಲೇ ಇದ್ದವು. ದೋಷಕ್ಕೆ ನಿಜವಾಗಿ ತಗುಲಿದ್ದು ಮೊದಲೆರಡು ಬಾಬತ್ತು ಮಾತ್ರ.

ಡಬ್ಬದ ಹಿಂದಿನ ಸಂದಿಗೆ ಗುಜರಿಯ ಡಬ್ಬದಿಂದ ತೆಗೆದ ತಗಡು ಹಾಕಿ ಮುಚ್ಚಿದೆ, ಉಳಿದ ಗಾಳಿಕಿಂಡಿಗಳಿಗೆ ಸೊಳ್ಳೆಪರದೆಯ ನೈಲಾನ್ ಬಲೆ ಅಂಟಿಸಿದೆ. ಬಲೆಯಿಂದ ಒಳಗಿನ ತಾಪಮಾನ ಎರಡು ಡಿಗ್ರಿ ಏರಿದೆ, ಧೂಳು ಕೂತಂತೆ ಇನ್ನಷ್ಟು ಏರುವುದರಿಂದ ಆಗಾಗ ಬ್ರಷ್ ಆಡಿಸಬೇಕು. ಸ್ವಿಚ್ ಬೋರ್ಡಿನ ಬಳಿ ಅದೇ ಹಲ್ಲಿ ಈಗಲೂ ಓಡಾಡಿಕೊಂಡಿದೆ. ಕಾರ್ಡಿನ ಎಡ ಫ್ಯಾನು ಬಿಚ್ಚಿ ಹಾಕಿದಾಗಿನಿಂದ ಆರಂಭದಲ್ಲಿ ಕರಕರ ಸದ್ದು ಮಾಡುತ್ತಿದೆ. ಸ್ಟಿಕ್ಕರಿನ ಅಡಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ನೋಡಿದ್ದೇನೆ, ಕಡಿಮೆಯಾಗಿದೆ, ನಿಂತಿಲ್ಲ. ಅದೇ ಅಳತೆಯ ಫ್ಯಾನು ಮೈಸೂರಿನಲ್ಲಿ ಸಿಕ್ಕರೆ ಬದಲಿಸಬೇಕು.